ಕುಂದಗೋಳದ ರಾಮಭಾವು ಬಣ್ಣ ಹಚ್ಚಿದ್ದು

ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಸಭಾಭವನವೆಂದು ಒಂದಿದೆ. ಅಲ್ಲಿಗೆ ನಾಟಕ ನೋಡಲು, ಭಾಷಣ ಕೇಳಲು ಹೋಗಿಬಂದ ನಮ್ಮ ಸಹಪಾಠಿಗಳಲ್ಲಿ ಅನೇಕರಿಗೆ ಆ ಹೆಸರು ಯಾರದೆಂಬುದು ಗೊತ್ತಿಲ್ಲ. ಗೊತ್ತಿದ್ದವರೂ ‘ಭೀಮಸೇನ ಜೋಶಿಯವರ ಗುರುಗಳು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕುಂದಗೋಳ ತಾಲ್ಲೂಕಿನವನೇ ಆದ ನನಗೂ ಎರಡು ವರ್ಷಗಳ ಹಿಂದಿನವರೆಗೆ ಇಷ್ಟೇ ತಿಳಿದಿತ್ತು. ಆ ಮಹನೀಯರು ಯೌವನದ ಬಹುಭಾಗವನ್ನು ಸೀರೆಯುಟ್ಟು, ಮುಖಕ್ಕೆ ಬಣ್ಣ ಹಚ್ಚಿ, ಮರಾಠಿ ನಾಟಕಗಳ ನಾಯಿಕೆಯಾಗಿ ಕಳೆದರೆಂದು ಓದಿದ ದಿನ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಆ ಆಶ್ಚರ್ಯಕ್ಕೆ ನಮ್ಮ ಮನೆಯದೇ ಆದ ಕಾರಣವೂ ಒಂದಿತ್ತು. ಅದನ್ನು ಮುಂದೆ ಹೇಳುವೆನು.

ರಾಮಚಂದ್ರ ಗಣೇಶ ಕುಂದಗೋಳಕರರು ಹುಟ್ಟಿದ್ದು ೧೮೮೬ನೆಯ ಜನವರಿಯಲ್ಲಿ. ಸಂಶಿ ಎಂಬುದು ಅವರ ಮನೆತನದ ಹೆಸರು. ಅದೇ ಹೆಸರಿನ ಊರು ಇಂದಿಗೂ ನಮ್ಮ ತಾಲ್ಲೂಕಿನಲ್ಲಿದೆ. ಆಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾಯರು ನಾಡಿಗೇರ ರಂಗನಗೌಡರ ಬಳಿ ಕಾರಕೂನರು. ಸಿರಿವಂತರ ಮನೆಯಲ್ಲ, ಆದರೆ ಸಿರಿವಂತರ ವಾಡೆ ಹತ್ತಿರವಿತ್ತು. ನಾಡಿಗೇರ ಮನೆತನಕ್ಕೆ ಸಂಗೀತದ ಹುಚ್ಚು. ಮೈಸೂರಿನ ಅರಮನೆಗೆ ಹೋಗಿಬರುವ ಉತ್ತರದ ಗವಾಯಿಗಳಿಗೆ ಧಾರವಾಡ, ಹುಬ್ಬಳ್ಳಿಗಳು ದಾರಿಯ ಊರುಗಳು. ಹಾಗಾಗಿ ಕಾರಕೂನರ ಮಗನ ಕಿವಿಗೂ ದೊಡ್ಡವರ ಹಾಡು ಬಿದ್ದಿತು.

ರಾಮಭಾವುವಿಗೆ ಮೊದಲು ಪಾಠ ಹೇಳಿದವರು ಬಳವಂತರಾವ ಕೊಲ್ಹಟಕರರು. ಆಮೇಲೆ ದೊರೆತವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಸಾಹೇಬರು. ಹುಡುಗನನ್ನು ಎಂಟು ವರ್ಷ ತಮ್ಮಲ್ಲಿಯೇ ಬಿಡಬೇಕೆಂದು ಉಸ್ತಾದರು ಕರಾರು ಹಾಕಿದರೆಂದು ಹೇಳುತ್ತಾರೆ. ಎಂಟು ವರ್ಷವೆಂದರೆ ಸಾಮಾನ್ಯವೆ? ನಾವು ಮೂರು ವರ್ಷದ ಬಿ.ಎ.ಗೇ ‘ಎಂದು ಮುಗಿದೀತೋ’ ಎಂದು ದಿನ ಎಣಿಸುತ್ತೇವೆ.

ಕಿರಾಣಾ ಗಾಯನದ ಜೀವ ಸ್ವರದಲ್ಲಿದೆ. ಗಾಯಕನು ಷಡ್ಜದಲ್ಲಿ ನಿಂತು, ಒಂದೊಂದೇ ಸ್ವರದ ಬಾಗಿಲು ತೆರೆಯುತ್ತ, ಅವಸರವಿಲ್ಲದೆ ರಾಗವನ್ನು ಬೆಳೆಸುತ್ತಾನೆ. ಒಂದು ಗಾಂಧಾರ ಸರಿಯಾದ ಜಾಗದಲ್ಲಿ ಹತ್ತುವವರೆಗೆ ಮುಂದಿನ ಸ್ವರಕ್ಕೆ ಹೋಗುವಂತಿಲ್ಲ. ಇಂಥ ಪದ್ಧತಿಗೆ ಕಂಠವೇ ಬಂಡವಾಳ. ಹೀಗಿರಲು ಹರೆಯ ಬರುತ್ತಲೆ ರಾಮಭಾವುವಿನ ಕಂಠ ಒಡೆದು ಒರಟಾಯಿತು. ಬೇರೆಯವನಾಗಿದ್ದರೆ ತಂಬೂರಿ ಇಟ್ಟು ಊರಿಗೆ ಮರಳುತ್ತಿದ್ದನೇನೋ. ಅವರು ವರ್ಷಾನುಗಟ್ಟಲೆ ಸಾಧನೆ ಮಾಡಿ, ಒರಟು ದನಿಯನ್ನೇ ತಿಕ್ಕಿ ಪಳಗಿಸಿದರು. ಅವರ ಮಾಧುರ್ಯವು ದೇವರು ಕೊಟ್ಟದ್ದಕ್ಕಿಂತ ಹೆಚ್ಚಾಗಿ ದುಡಿದು ಪಡೆದದ್ದು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ: ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ತೆಗೆದುಕೊಂಡು ಅವರು ಹೋದದ್ದು ನಾಟಕ ಕಂಪನಿಗೆ.

ಗುರುಗಳಿಗೆ ಅದು ಸೇರಲಿಲ್ಲ. ಯಾಕೆ ಸೇರಲಿಲ್ಲವೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಸಂಗೀತ ನಾಟಕ ಹೇಗಿತ್ತೆಂದು ನೋಡಬೇಕು. ಅದಕ್ಕೆ ಭದ್ರ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ನಮ್ಮ ಮಣ್ಣಿನವರೇ ಎನ್ನಬೇಕು. ೧೮೮೦ರಲ್ಲಿ ಅವರ ‘ಶಾಕುಂತಲ’, ೧೮೮೨ರಲ್ಲಿ ‘ಸೌಭದ್ರ’ ರಂಗಕ್ಕೆ ಬಂದವು. ಹೆಂಗಸರು ರಂಗವೇರದ ಕಾಲ. ಶಕುಂತಳೆಯೂ ಸುಭದ್ರೆಯೂ ಗಂಡಸರೇ. ಮೈಕು ಇರಲಿಲ್ಲ. ಕೊನೆಯ ಸಾಲಿನವನಿಗೆ ಕೇಳಿಸುವಂತೆ ಹಾಡಬೇಕು, ಅದೂ ಹೆಣ್ಣಿನ ಎತ್ತರದ ದನಿಯಲ್ಲಿ. ಮೆಚ್ಚಿದ ಪದವನ್ನು ಜನ ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಮತ್ತೆ ಹಾಡಿಸುವರು. ನಾಟಕ ನಡುರಾತ್ರಿ ದಾಟಿದರೂ ಮುಗಿಯದು. ಒಂದು ಸ್ವರಕ್ಕಾಗಿ ಬೆಳಗೆಲ್ಲ ಕೂಡ್ರಿಸುತ್ತಿದ್ದ ಉಸ್ತಾದರಿಗೆ ಶಿಷ್ಯನ ಕಂಠವನ್ನು ಹೀಗೆ ರಾತ್ರಿಯಿಡೀ ತೇಯುವುದು ಕಂಡರೆ ಸಂಕಟವಾಗದೆ ಇರುತ್ತದೆಯೆ?

ಆದರೂ ರಾಮಭಾವು ಹೋದರು. ನನಗೆ ತೋರುವುದು ಹೀಗೆ: ಅಂದಿನ ಗವಾಯಿಗೆ ಅನ್ನದ ದಾರಿಗಳು ಎರಡೇ. ಒಂದು, ರಾಜರ, ಜಹಗೀರದಾರರ ಆಶ್ರಯ. ಇನ್ನೊಂದು, ಟಿಕೀಟು ಕೊಂಡು ಬರುವ ಜನ. ಕಾರಕೂನರ ಮಗನಿಗೆ ಮೊದಲನೆಯದು ಕೈಗೆಟುಕುವುದು ಕಷ್ಟ. ಎರಡನೆಯದು ಕರೆದು ಸಂಬಳ ಕೊಡುತ್ತಿತ್ತು. ಅಲ್ಲದೆ ವಾಡೆಯ ಮೆಹಫಿಲಿನಲ್ಲಿ ಐವತ್ತು ಜನ ಕೇಳುವುದನ್ನು ನಾಟಕಗೃಹದಲ್ಲಿ ಪೇಟೆಯ ಅಂಗಡಿಕಾರನೂ ಕೇಳುತ್ತಿದ್ದ.

ಅವರು ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯಲ್ಲಿ ಪ್ರಸಿದ್ಧರಾದರು. ಸುಭದ್ರೆಯ ಪಾತ್ರ ಹೆಸರು ತಂದಿತು. ಆಗ ಮಹಾರಾಷ್ಟ್ರದ ಕಣ್ಮಣಿ ಬಾಲಗಂಧರ್ವರು. ಆ ಬಿರುದು ಕೊಟ್ಟವರು ಲೋಕಮಾನ್ಯ ತಿಲಕರೆಂಬುದು ಪ್ರಸಿದ್ಧವೇ ಇದೆ. ತಿಲಕರ ಒಡನಾಡಿ ದಾದಾಸಾಹೇಬ ಖಾಪರ್ಡೆಯವರು ಅಮರಾವತಿಯಲ್ಲಿ ರಾಮಭಾವುವಿನ ಹಾಡು ಕೇಳಿ ‘ಸವಾಯಿ ಗಂಧರ್ವ’ ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಉಳಿದವರು ಒಂದಾದರೆ ಇವರು ಒಂದರ ಮೇಲೆ ಕಾಲು ಹೆಚ್ಚು! ನೋಡಿರಿ, ಇಂದು ಪಂಡಿತರೆಲ್ಲ ಕೈಮುಗಿದು ಉಚ್ಚರಿಸುವ ಈ ಹೆಸರು ಗುರುಗಳು ಬೇಡವೆಂದ ರಂಗಭೂಮಿಯಿಂದಲೇ ಬಂದದ್ದು.

ಸ್ತ್ರೀ ಪಾತ್ರಕ್ಕೆ ಹರೆಯವೇ ಅವಧಿ. ೧೯೩೧ರಿಂದ ಮಾತನಾಡುವ ಚಿತ್ರಗಳು ಬಂದು ಕಂಪನಿಗಳೂ ಸೊರಗಿದವು. ರಾಮಭಾವು ರಂಗವನ್ನು ಬಿಟ್ಟು ಮೆಹಫಿಲಿಗೂ ಕುಂದಗೋಳಕ್ಕೂ ಮರಳಿದ್ದರು. ಅಲ್ಲಿ ಅವರು ಪಾಠ ಹೇಳಿದ ರೀತಿಯೇ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಕಲಿತರು. ಮನೆ ಬಿಟ್ಟು ಓಡಿ ಊರೂರು ಅಲೆದು ಬಂದ ಗದುಗಿನ ಹುಡುಗ ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತನು. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಈ ಮೂರು ರಾಗಗಳನ್ನೇ ಬಹುಕಾಲ ತಿದ್ದಿಸಿಕೊಂಡನು. ರಂಗದ ಮೇಲೆ ಐದು ನಿಮಿಷದಲ್ಲಿ ಚಪ್ಪಾಳೆ ಗಿಟ್ಟಿಸುವ ಯುಕ್ತಿಯನ್ನು ಚೆನ್ನಾಗಿ ಬಲ್ಲ ಗುರು ಅದನ್ನು ಶಿಷ್ಯರಿಗೆ ಹೇಳಿಕೊಡಲಿಲ್ಲ. ತಾವು ಬಿಟ್ಟುಹೋಗಿದ್ದ ಉಸ್ತಾದರ ದಾರಿಯನ್ನೇ ಹೇಳಿಕೊಟ್ಟರು.

ಹಾಗಾದರೆ ನಾಟಕದ ವರ್ಷಗಳು ವ್ಯರ್ಥವಾದುವೆ? ಹಾಗೆನ್ನುವ ರಸಿಕರುಂಟು. ನಾನು ಒಪ್ಪಲಾರೆ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿದ್ದರು; ಅಲ್ಲಿ ಅವರ ಹಾಡು ಕೇಳಿಯೇ ನೀಲಕಂಠಬುವಾ ಅವರು ಶಿಷ್ಯನನ್ನಾಗಿ ಸ್ವೀಕರಿಸಿದರು. ಯಲಿವಾಳದ ಬಸವರಾಜ ರಾಜಗುರುಗಳೂ ಹುಡುಗರಿದ್ದಾಗ ಬಣ್ಣ ಹಚ್ಚಿದವರೇ. ಅವರು ರಂಗದಿಂದ ಗುರುವಿನ ಕಡೆಗೆ ಬಂದರು, ರಾಮಭಾವು ಗುರುವಿನಿಂದ ರಂಗದ ಕಡೆಗೆ ಹೋದರು. ದಾರಿ ಒಂದೇ, ನಡೆದ ದಿಕ್ಕು ಬೇರೆ. ಬಡ ಹುಡುಗರಿಗೆ ಆ ದಾರಿಯಲ್ಲದೆ ಬೇರೆ ಯಾವುದಿತ್ತು?

೧೯೪೦ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿದು ಅವರ ಹಾಡು ನಿಂತಿತು. ೧೯೫೨ರ ಸೆಪ್ಟೆಂಬರ ೧೨ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷದಿಂದ ಭೀಮಸೇನರು ಪುಣೆಯಲ್ಲಿ ನಡೆಸಿದ ಪುಣ್ಯತಿಥಿಯ ಸಂಗೀತೋತ್ಸವ ಇಂದು ದೇಶಕ್ಕೆಲ್ಲ ಗೊತ್ತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ನೆನಪಿಗೆ ದೊಡ್ಡವರು ರಾತ್ರಿಯೆಲ್ಲ ಹಾಡಿದ್ದಾರೆ.

ಇನ್ನು ಮನೆಯ ಮಾತು. ನಮ್ಮಜ್ಜ ದೊಡ್ಡಾಟದಲ್ಲಿ ದ್ರೌಪದಿಯಾಗುತ್ತಿದ್ದನೆಂದು ಊರ ಕಟ್ಟೆಯ ಹಿರಿಯರೊಬ್ಬರು ನನಗೆ ಹೇಳಿದ್ದು ನಾನು ಕಾಲೇಜು ಸೇರಿದ ಮೇಲೆ. ಮನೆಯಲ್ಲಿ ಆ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ ಎತ್ತಿಗೆ ಮೇವು ಹಾಕುವ ನೆವದಿಂದ ಎದ್ದುಹೋದರು. ಈ ಸಲ ಜಾತ್ರೆಯ ನಾಟಕದಲ್ಲಿ ಹಾಡುವ ಪಾತ್ರವೊಂದಕ್ಕೆ ನನ್ನನ್ನು ಕರೆದಾಗ ಅವ್ವ ಅಂದಳು: “ಯಪ್ಪಾ, ನಮ್ಮ ಮನ್ಯಾಗ ಡಿಗ್ರಿ ಓದಿದಾವ ನೀ ಒಬ್ಬಾಂವ. ಮುಖಕ್ಕ ಬಣ್ಣ ಹಚ್ಚಿಗೊಂಡು ನಿಂತರ ಮಂದಿ ಏನಂದಾರು?”

ನಾನು ಸವಾಯಿ ಗಂಧರ್ವರ ಕಥೆಯನ್ನೆಲ್ಲ ಹೇಳಿದೆನು. ಅವ್ವ ರೊಟ್ಟಿ ಬಡಿಯುತ್ತಲೇ ಪೂರ್ತಿ ಕೇಳಿ, “ಅವರಿಗೆ ತಿರುಗಿ ಬರಾಕ ಹಾಡಿನ ವಿದ್ಯಾ ಇತ್ತು. ನಿನಗೇನೈತಿ?” ಎಂದಳು. ಆಗ ಉತ್ತರ ಹೊಳೆಯಲಿಲ್ಲ. ಪರೀಕ್ಷೆ ಮುಗಿದ ಮರುದಿನ ತಾಲೀಮಿಗೆ ಬರುವೆನೆಂದು ನಾಟಕದ ಮಾಸ್ತರರಿಗೆ ಹೇಳಿದ್ದೇನೆ; ಅವ್ವನಿಗೆ ಇನ್ನೂ ಹೇಳಿಲ್ಲ.