ಹಳೆಯ ಗಿಟಾರ್ ಆಂಪ್ಲಿಫೈಯರಿನ ಒಳಗೆ

ಬೊಮ್ಮನಹಳ್ಳಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹಳೆಯ ವಿದ್ಯುತ್ ಗಿಟಾರುಗಳನ್ನೂ ಅವುಗಳ ಆಂಪ್ಲಿಫೈಯರುಗಳನ್ನೂ ಸಂಗ್ರಹಿಸುವುದು ಅವನ ಹವ್ಯಾಸ. ಈಚೆಗೆ ಅವನಿಗೆ ಗಾಜಿನ ವಾಲ್ವುಗಳಿಂದ ಕೆಲಸ ಮಾಡುವ ಆಂಪ್ಲಿಫೈಯರೊಂದು ದೊರೆಯಿತು. ಕೂಡಲೇ ಪ್ಲಗ್ಗು ಸಿಕ್ಕಿಸಿ ನುಡಿಸಿನೋಡಬೇಕೆಂಬ ಆತುರ ಅವನಿಗೆ. ಬೇಡವೆಂದು ತಡೆದವರು ನಾವು. ಏಕೆ ತಡೆದೆವೆಂಬುದನ್ನು ವಿವರಿಸಲು ಗಿಟಾರಿನ ತಂತಿಯಿಂದಲೇ ಆರಂಭಿಸಬೇಕು.

ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಅಡಿಯಲ್ಲಿ 'ಪಿಕಪ್' ಎಂಬ ಭಾಗವಿರುತ್ತದೆ. ಅದರಲ್ಲಿ ಅಯಸ್ಕಾಂತವನ್ನು ಬಳಸಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅಯಸ್ಕಾಂತದ ಸಾಮೀಪ್ಯದಿಂದ ಉಕ್ಕಿನ ತಂತಿಯೂ ಕಾಂತತ್ವ ಪಡೆಯುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿದು, ಫ್ಯಾರಡೆ 1831ರಲ್ಲಿ ಕಂಡುಹಿಡಿದಂತೆ, ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಹಿತ್ತಾಳೆಯ ತಂತಿ ಕಟ್ಟಿದರೆ ಈ ಗಿಟಾರು ಬಹುಮಟ್ಟಿಗೆ ಮೂಕ! ಸಂಗ್ರಾಹಕರು ಬೆನ್ನುಹತ್ತುವ 1954ರ ಫೆಂಡರ್ ಸ್ಟ್ರಾಟೊಕಾಸ್ಟರಿನಲ್ಲಿಯೂ ಇರುವುದು ಇದೇ ಉಪಾಯ. ಆದರೆ ಹೀಗೆ ಹುಟ್ಟುವ ವೋಲ್ಟೇಜು ಅತ್ಯಲ್ಪ. ಅದರಿಂದ ಲೌಡ್‌ಸ್ಪೀಕರು ನಡೆಯದು.

ಇಲ್ಲಿ ವಾಲ್ವು ಬೇಕು. ನಿರ್ವಾತವಾದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಸುಮಾರು 300 ವೋಲ್ಟಿನ ಆನೋಡು ಅವನ್ನು ಸೆಳೆದುಕೊಳ್ಳುತ್ತದೆ. ನಡುವೆ ಇರುವ ಗ್ರಿಡ್ಡೆಂಬ ಜಾಲರಿಯ ಮೇಲಿನ ಅಲ್ಪ ವೋಲ್ಟೇಜು ಆ ಪ್ರವಾಹವನ್ನು ಕೆರೆಯ ತೂಬಿನಂತೆ ಹೆಚ್ಚುಕಡಿಮೆ ಮಾಡುತ್ತದೆ.

ವಿದ್ಯಾರ್ಥಿಯ ಪೆಟ್ಟಿಗೆಯನ್ನು ಬಿಚ್ಚಿದಾಗ ಎರಡು 'ಇಎಲ್ 84' ವಾಲ್ವುಗಳು ಕಂಡವು. ಅವುಗಳ ಮೇಲೆ ಬಿಇಎಲ್ ಮುದ್ರೆಯಿತ್ತು! ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1961ರಲ್ಲಿ ಅದರ ಜಾಲಹಳ್ಳಿಯ ಕಾರ್ಖಾನೆ ಹಾಲೆಂಡಿನ ಫಿಲಿಪ್ಸ್ ಸಹಯೋಗದಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎಸಿ 30 ಗಿಟಾರ್ ಆಂಪ್ಲಿಫೈಯರಿನಲ್ಲಿ ಇಂಥದೇ ಇಎಲ್ 84 ವಾಲ್ವುಗಳು ನಾಲ್ಕಿವೆ. ಆದಕಾರಣ, ಮನೆಮನೆಯ ರೇಡಿಯೋಗಳ ಕಾಲದ ಈ ಬೆಂಗಳೂರು ವಾಲ್ವುಗಳನ್ನು ಇಂದು ಹೊರದೇಶದ ಗಿಟಾರ್ ವಾದಕರೂ ಹುಡುಕಿ ಕೊಳ್ಳುವುದುಂಟು.

ಅವುಗಳಿಗೇಕೆ ಇಷ್ಟು ಬೇಡಿಕೆ? ತೀರ ಜೋರಾಗಿ ನುಡಿಸಿದಾಗ ವಾಲ್ವು ಅಲೆಯ ಶಿಖರವನ್ನು ಥಟ್ಟನೆ ಕತ್ತರಿಸದೆ ದುಂಡಗೆ ತಗ್ಗಿಸುತ್ತದೆ. ಹೀಗೆ ರೂಪಗೆಟ್ಟ ಅಲೆಯಲ್ಲಿ ಮೂಲ ಆವೃತ್ತಿಯ ಎರಡರಷ್ಟು, ಮೂರರಷ್ಟು ಆವೃತ್ತಿಗಳು ಸೇರಿಕೊಳ್ಳುತ್ತವೆ. ಮೂಲವು ಷಡ್ಜವಾದರೆ ಎರಡರಷ್ಟು ತಾರಷಡ್ಜ, ಮೂರರಷ್ಟು ಅದರ ಮೇಲಣ ಪಂಚಮ! ಕಿವಿಗೆ ಹಿತವೆನಿಸುವುದರಲ್ಲಿ ಸೋಜಿಗವಿಲ್ಲ. ಥಟ್ಟನೆ ಕತ್ತರಿಸಿದರೆ ಇನ್ನೂ ಮೇಲಣ ಆವೃತ್ತಿಗಳು ಬಲಗೊಂಡು ನಾದ ಕರ್ಕಶವಾಗುತ್ತದೆ. ಆದರೆ ಹಳೆಯದೆಲ್ಲವೂ ಇಂಪು ಎಂಬ ಸಂಗ್ರಾಹಕರ ಮಾತನ್ನು ನಾವು ಒಪ್ಪಲಾರೆವು. ಹಳೆಯ ಭಾಗಗಳಲ್ಲಿ ಕೆಲವು ಬರಿಯ ಕೆಟ್ಟ ಭಾಗಗಳು.

ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಅಂಥವು. ಅವುಗಳೊಳಗಣ ದ್ರಾವಣ ದಶಕಗಳಲ್ಲಿ ಒಣಗುತ್ತದೆ. ಕಂಡೆನ್ಸರು ಸರಿಯಾಗಿದ್ದರಂತೂ ಅಪಾಯ ಬೇರೆ ಬಗೆಯದು. 50 ಮೈಕ್ರೊಫ್ಯಾರಡಿನ ಕಂಡೆನ್ಸರಿನಲ್ಲಿ 320 ವೋಲ್ಟು ತುಂಬಿದ್ದರೆ, ಧಾರಕತೆ ಗುಣಿಸು ವೋಲ್ಟೇಜಿನ ವರ್ಗ, ಅದರ ಅರ್ಧ: 2.56 ಜೂಲು. ಅಲ್ಪವೆಂದು ಬಗೆಯಬೇಡಿ. ಪ್ಲಗ್ಗು ಕಿತ್ತ ಮೇಲೂ ಅದು ಒಳಗೇ ಕಾದಿರುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಇದರಿಂದ ಪೆಟ್ಟುತಿಂದ ನಮ್ಮ ತೋರುಬೆರಳೇ ಸಾಕ್ಷಿ. 2,20,000 ಓಮಿನ ರೋಧಕದ ಮೂಲಕ ಹರಿಸಿದರೆ ಕಾಲಾಂಕ 11 ಸೆಕೆಂಡು. 55 ಸೆಕೆಂಡುಗಳಲ್ಲಿ ಸುಮಾರು 2 ವೋಲ್ಟು ಉಳಿಯುತ್ತದೆ. ಆಮೇಲೂ ಮೀಟರಿನಿಂದ ಅಳೆಯದೆ ಕೈಯಿಡಬಾರದು. ಅನುಭವಿಗಳು ಜತೆಯಲ್ಲಿಲ್ಲದೆ ವಿದ್ಯಾರ್ಥಿಗಳು ಇಂಥ ಪೆಟ್ಟಿಗೆಯನ್ನು ಬಿಚ್ಚಲೇಬಾರದು.

ಇನ್ನೂ ಘೋರವಾದುದು ಪ್ಲಗ್ಗು. ಗಿಟಾರಿನ ತಂತಿಗಳು ಕೇಬಲ್ಲಿನ ಹೊರಹೊದಿಕೆಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಒಳಗೆ ಎಲ್ಲಿಯೋ ಅವಾಹಕ ಹೊದಿಕೆ ಹರಿದು 230 ವೋಲ್ಟು ಚೌಕಟ್ಟಿಗೆ ತಾಗಿತೆನ್ನಿ. ಅದು ನೇರವಾಗಿ ವಾದಕನ ಬೆರಳುಗಳಿಗೇ! ನಮ್ಮ ವಿದ್ಯಾರ್ಥಿಯ ಪೆಟ್ಟಿಗೆಗೆ ಭೂಸಂಪರ್ಕವಿಲ್ಲದ ಎರಡು ಪಿನ್ನಿನ ಪ್ಲಗ್ಗಿತ್ತು.

ಅದನ್ನು ತೆಗೆಸಿ ಮೂರು ಪಿನ್ನಿನದನ್ನು ಹಾಕಿಸಿ, ಚೌಕಟ್ಟನ್ನು ಭೂಮಿಗೆ ಸೇರಿಸಿದೆವು. ಕಂಡೆನ್ಸರುಗಳನ್ನು ಎಸ್.ಪಿ. ರಸ್ತೆಯಿಂದ ತಂದ ಹೊಸವುಗಳಿಂದ ಬದಲಿಸಿ, ಹಳೆಯವಕ್ಕೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವಂತೆ ಹೇಳಿದೆವು. ವಾಲ್ವುಗಳನ್ನು ಮಾತ್ರ ಬದಲಿಸಲಿಲ್ಲ. ಅವುಗಳ ಗಾಜಿನ ನೆತ್ತಿಯಲ್ಲಿ ಬಳಿದಂತಿರುವ ಬೇರಿಯಂ ಲೋಹ ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲೆಂದು ಇರುವುದು. ಗಾಳಿ ನುಗ್ಗಿದ್ದರೆ ಅದು ಹಾಲಿನಂತೆ ಬೆಳ್ಳಗಾಗಿರಬೇಕಿತ್ತು. ಎರಡರಲ್ಲಿಯೂ ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು.