ಸೊನ್ನೆಯಿಂದ ಭಾಗಿಸಿದರೆ: ಮೂರು ಪ್ರೊಸೆಸರ್, ಮೂರು ಉತ್ತರ

ಕಾಮರ್ಸ್ ಓದುವವರಿಗೆ ಅಸೆಂಬ್ಲಿ ಭಾಷೆ ಏಕೆ ಎಂದು ಹಲವು ಗೆಳೆಯರು ಕೇಳುತ್ತಾರೆ. ಈಗ ನಮ್ಮ ಲೆಕ್ಕಗಳನ್ನೆಲ್ಲ ಯಂತ್ರವೇ ಮಾಡುತ್ತದೆ. ಅದು ಎಲ್ಲಿ ಸದ್ದಿಲ್ಲದೆ ತಪ್ಪು ಉತ್ತರ ಕೊಡಬಹುದು ಎಂಬುದು ಲೆಕ್ಕ ಬರೆಯುವವರಿಗೂ ಗೊತ್ತಿರಬೇಕು ಎಂಬುದೇ ನನ್ನ ಉತ್ತರ.

ಒಂದು ಉದಾಹರಣೆ ನೋಡೋಣ. ನಮ್ಮ ಮಾಮು ಹೊಲಿಗೆ ಅಂಗಡಿ ನಡೆಸುತ್ತಾರೆ. ಒಂದು ಬಟ್ಟೆಗೆ ಬಿದ್ದ ಖರ್ಚು ತಿಳಿಯಲು ತಿಂಗಳ ಒಟ್ಟು ಖರ್ಚನ್ನು ಹೊಲಿದ ಬಟ್ಟೆಗಳ ಸಂಖ್ಯೆಯಿಂದ ಭಾಗಿಸಬೇಕು. ಅಂಗಡಿ ಮುಚ್ಚಿದ ತಿಂಗಳಲ್ಲಿ ಬಟ್ಟೆಗಳ ಸಂಖ್ಯೆ ಸೊನ್ನೆ, ಆದರೆ ಬಾಡಿಗೆ ತಪ್ಪುವುದಿಲ್ಲ. ಮನೆಯಲ್ಲಿ ನಾವು ಸೊನ್ನೆಗೆ ಸಿಫರ್, ಭಾಗಾಕಾರಕ್ಕೆ ತಕ್ಸೀಮ್ ಎನ್ನುತ್ತೇವೆ. ಯಾವ ಭಾಷೆಯಲ್ಲಿ ಹೇಳಿದರೂ ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹಾಗಾದರೆ ಯಂತ್ರ ಏನು ಮಾಡುತ್ತದೆ?

ಬೇಕಾಗುವ ಸಾಮಗ್ರಿ

ಎಲ್ಲ ಪ್ರೊಸೆಸರ್‌ಗಳೂ ಒಂದೇ ಬಗೆಯವಲ್ಲ. ಇಂಟೆಲ್, ಎಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ಎಕ್ಸ್86, ನಮ್ಮ ಮೊಬೈಲ್‌ಗಳಲ್ಲಿ ಆರ್ಮ್ ಇರುತ್ತದೆ. ಮೂರನೆಯದು ರಿಸ್ಕ್-ಫೈವ್. ಇದು 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಇದೇ ಬಗೆಯದು.

ಮೂರನ್ನೂ ಕೊಳ್ಳುವ ಅಗತ್ಯವಿಲ್ಲ. ಕ್ಯೂಎಮು ಎಂಬ ಎಮ್ಯುಲೇಟರ್ ಒಂದು ಪ್ರೊಸೆಸರ್‌ನ ಆದೇಶಗಳನ್ನು ಇನ್ನೊಂದರ ಆದೇಶಗಳಾಗಿ ಬದಲಾಯಿಸಿ ನಡೆಸುತ್ತದೆ. ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಈ ತಂತ್ರಾಂಶ 2003ರಲ್ಲಿ ಹೊರಬಂತು, ಉಚಿತವಾಗಿ ಸಿಗುತ್ತದೆ. ಉಬುಂಟು ಇರುವ ಎಕ್ಸ್86 ಲ್ಯಾಪ್‌ಟಾಪ್‌ನಲ್ಲಿ ಕ್ಯೂಎಮು-ಯೂಸರ್ ಜೊತೆಗೆ ಆರ್ಮ್ ಮತ್ತು ರಿಸ್ಕ್-ಫೈವ್‌ನ ಬಿನ್‌ಯುಟಿಲ್ಸ್ ಹಾಕಿಕೊಂಡರೆ ಸಾಕು. ಅಸೆಂಬ್ಲರ್, ಲಿಂಕರ್ ಎರಡೂ ಬಿನ್‌ಯುಟಿಲ್ಸ್‌ನಲ್ಲೇ ಇವೆ.

ಪ್ರೋಗ್ರಾಂ

ರಿಸ್ಕ್-ಫೈವ್‌ನಲ್ಲಿ ಮುಖ್ಯ ಸಾಲುಗಳು ಐದೇ. ಓದಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಎಲ್‌ಐ ಎ0, 100
ಎಲ್‌ಐ ಎ1, 4
ಡಿಐವಿಯು ಎ0, ಎ0, ಎ1
ಎಲ್‌ಐ ಎ7, 93
ಇಕಾಲ್

ಎ0, ಎ1, ಎ7 ಇವು ರಿಜಿಸ್ಟರ್‌ಗಳು, ಅಂದರೆ ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಪುಟ್ಟ ಜಾಗಗಳು. ಮೊದಲ ಸಾಲು ಖರ್ಚು 100 ಎಂದು ಇಡುತ್ತದೆ, ಎರಡನೆಯದು ಬಟ್ಟೆ 4 ಎಂದು. ಮೂರನೆಯದು ಭಾಗಿಸಿ ಉತ್ತರವನ್ನು ಎ0ದಲ್ಲಿ ಬರೆಯುತ್ತದೆ. ಲಿನಕ್ಸ್‌ನಲ್ಲಿ 93 ಎಂದರೆ ‘ಪ್ರೋಗ್ರಾಂ ಮುಗಿಸು’ ಎಂಬ ಕೋರಿಕೆಯ ಸಂಖ್ಯೆ. ಇಕಾಲ್ ಆ ಕೋರಿಕೆಯನ್ನು ಸಲ್ಲಿಸುತ್ತದೆ. ಆರ್ಮ್‌ನಲ್ಲಿ ಇದೇ ಕೆಲಸಕ್ಕೆ ಯುಡಿಐವಿ, ಎಕ್ಸ್86ನಲ್ಲಿ ಡಿಐವಿ ಎಂಬ ಆದೇಶಗಳಿವೆ.

ಪರೀಕ್ಷೆ

ಪ್ರೋಗ್ರಾಂ ಮುಗಿದ ಕೂಡಲೆ ಟರ್ಮಿನಲ್‌ನಲ್ಲಿ ಎಕೋ ಎಂದು ಬರೆದು, ಜಾಗ ಬಿಟ್ಟು, ಡಾಲರ್ ಗುರುತು ಮತ್ತು ಪ್ರಶ್ನಾರ್ಥಕ ಚಿಹ್ನೆಯನ್ನು ಸೇರಿಸಿ ಕೊಟ್ಟರೆ ಉತ್ತರ ಕಾಣುತ್ತದೆ. 0ರಿಂದ 255ರವರೆಗಿನ ಸಂಖ್ಯೆ ಮಾತ್ರ ಹೀಗೆ ಕಾಣುವುದರಿಂದ ಸಣ್ಣ ಲೆಕ್ಕ ತೆಗೆದುಕೊಂಡಿದ್ದೇನೆ. 100 ÷ 4ಕ್ಕೆ ಮೂರರಲ್ಲೂ 25 ಬರುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ. ಈಗ 4ರ ಜಾಗದಲ್ಲಿ 0 ಹಾಕಿ.

1. ಎಕ್ಸ್86: ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಲೆಕ್ಕದಲ್ಲಿ ದೋಷವಿದೆ ಎಂಬ ಸಂದೇಶ ಬರುತ್ತದೆ; ಸಂಖ್ಯೆ ನೋಡಿದರೆ 136.
2. ಆರ್ಮ್: ಯಾವ ಎಚ್ಚರಿಕೆಯೂ ಇಲ್ಲ. ಉತ್ತರ 0.
3. ರಿಸ್ಕ್-ಫೈವ್: ಇಲ್ಲಿಯೂ ಎಚ್ಚರಿಕೆ ಇಲ್ಲ. 255 ಕಾಣುತ್ತದೆ. ರಿಜಿಸ್ಟರ್‌ನ 64 ಬಿಟ್‌ಗಳೂ 1 ಆಗಿರುತ್ತವೆ. ಅಂದರೆ ನಿಜವಾದ ಉತ್ತರ 18446744073709551615.

ಇವು ಯಂತ್ರದ ದೋಷಗಳಲ್ಲ, ವಿನ್ಯಾಸಕಾರರೇ ಬರೆದಿಟ್ಟ ನಿಯಮಗಳು. ಹಾರ್ಡ್‌ವೇರ್ ಸರಳವಾಗಿರಲಿ, ಬೇಕಾದವರು ಪ್ರೋಗ್ರಾಂನಲ್ಲೇ ಒಂದು ಸಾಲು ಸೇರಿಸಿ ತಪಾಸಣೆ ಮಾಡಿಕೊಳ್ಳಲಿ ಎಂಬುದು ರಿಸ್ಕ್-ಫೈವ್‌ನವರ ವಾದ.

ಇವುಗಳಲ್ಲಿ ಯಾವುದು ಹೆಚ್ಚು ಅಪಾಯ? ನನ್ನ ಪ್ರಕಾರ ಆರ್ಮ್‌ನ ಸೊನ್ನೆ. ಪ್ರೋಗ್ರಾಂ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಇಪ್ಪತ್ತು ಅಂಕಿಯ ಸಂಖ್ಯೆ ಬಂದರೆ ಯಾರಾದರೂ ಅನುಮಾನಿಸುತ್ತಾರೆ. ಆದರೆ ‘ಒಂದು ಬಟ್ಟೆಗೆ ಖರ್ಚು 0’ ಎಂಬುದು ಸಾಮಾನ್ಯ ಸಂಖ್ಯೆಯಂತೆ ಕಂಡು ಲೆಕ್ಕದೊಳಗೆ ಕೂತುಬಿಡುತ್ತದೆ. ಬಾಡಿಗೆ ಕಟ್ಟಿದವರಿಗೆ ಮಾತ್ರ ಅದು ಸುಳ್ಳು ಎಂದು ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಲಾಗದು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವೆ. ಇದೂ ಅದೇ ಪಾಠ.

ಪರಿಹಾರ

ಭಾಗಿಸುವ ಸಾಲಿಗೆ ಮೊದಲು ಹೀಗೆ ಬರೆಯಬೇಕು:

ಬಿಇಕ್ಯೂಝಡ್ ಎ1, ಖಾಲಿ

ಎ1 ಸೊನ್ನೆಯಾಗಿದ್ದರೆ ಭಾಗಿಸದೆ ‘ಖಾಲಿ’ ಎಂದು ಗುರುತಿಟ್ಟ ಸಾಲಿಗೆ ಹೋಗು ಎಂದು ಇದರ ಅರ್ಥ. ಅಲ್ಲಿ ‘ಈ ತಿಂಗಳು ಸರಾಸರಿ ಇಲ್ಲ’ ಎಂದು ತಿಳಿಸುವ ಏರ್ಪಾಡು ಮಾಡಬಹುದು. ಆರ್ಮ್‌ನಲ್ಲಿ ಇದೇ ಕೆಲಸಕ್ಕೆ ಸಿಬಿಝಡ್ ಇದೆ. ಎಕ್ಸ್86ನಲ್ಲಿ ಟೆಸ್ಟ್ ಮತ್ತು ಜೆಝಡ್ ಎಂಬ ಎರಡು ಸಾಲು ಬೇಕು. ಬದಲಾಯಿಸಿದ ಮೇಲೆ ಮೂರರಲ್ಲೂ ಮತ್ತೆ ಪರೀಕ್ಷಿಸಬೇಕು.

ಎಮ್ಯುಲೇಟರ್‌ಗೆ ಒಂದು ಮಿತಿಯೂ ಇದೆ. ಉತ್ತರ ಸರಿಯೇ ಎಂಬುದನ್ನು ಅದರಲ್ಲಿ ನೋಡಬಹುದು. ನಿಜವಾದ ಪ್ರೊಸೆಸರ್ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಅಳೆಯಲಾಗದು.

ಅಭ್ಯಾಸ

1. ಖರ್ಚು 0, ಬಟ್ಟೆ 4 ಇದ್ದಾಗ ಮೂರರಲ್ಲೂ ಏನು ಬರುತ್ತದೆ? ಈ 0 ಮತ್ತು ಆರ್ಮ್ ಕೊಟ್ಟ 0, ಇವೆರಡಕ್ಕೆ ಇರುವ ವ್ಯತ್ಯಾಸವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.
2. 100 ÷ 3 ಮಾಡಿ ನೋಡಿ. ಉಳಿದ 1 ರೂಪಾಯಿ ಎಲ್ಲಿಗೆ ಹೋಯಿತು?

ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕವರು ರಿಸ್ಕ್-ಫೈವ್‌ನ ಆರ್‌ಇಎಂಯು ಆದೇಶವನ್ನೂ ಪ್ರಯತ್ನಿಸಿ.