ಕರೆಂಟು ಕಾರಿನ ಲೆಕ್ಕ

ತಿಪಟೂರಿನ ಕೊಬ್ಬರಿ ಹರಾಜು ಎಲ್ಲರಿಗೂ ಗೊತ್ತು. ಅಲ್ಲಿ ಚೀಲ ತೂಗುವಾಗ ನಾವು ಕಣ್ಣಿಟ್ಟು ನೋಡುತ್ತೇವೆ. ತೂಕ ಎಷ್ಟು, ದರ ಎಷ್ಟು ಎಂದು ಕೇಳುತ್ತೇವೆ. ಕರೆಂಟು ಕೊಳ್ಳುವಾಗಲೂ ಹೀಗೇ ಕೇಳಬೇಕು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಾರೆ. ಎರಡು ಎಕರೆ ತೆಂಗಿನ ತೋಟ ಇದೆ. ಮಗ ಬಾಡಿಗೆ ಕಾರು ಓಡಿಸುತ್ತಾನೆ. ಸಾಲ ಮಾಡಿ ಕರೆಂಟು ಕಾರು ತಗೋಬೇಕು ಅಂತಾನೆ. ಸಾಲದ ಪತ್ರಕ್ಕೆ ತಾಯಿಯ ರುಜು ಬೇಕು. ಮೊದಲಾಗಿದ್ದರೆ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದರು. ಈಗ ಓದು ಬಂದಿದೆ. ಪತ್ರವನ್ನು ಕೇಂದ್ರಕ್ಕೇ ತಂದರು.

"ಮೇಷ್ಟ್ರೇ, ಇದಕ್ಕೆ ಪೆಟ್ರೋಲ್ ಬೇಡವಂತೆ. ಕಿಲೋಮೀಟರಿಗೆ ಒಂದೇ ರೂಪಾಯಿ ಸಾಕಂತೆ. ನಿಜವಾ?"

"ಕೂತ್ಕೊಳ್ಳಿ ಅಮ್ಮ. ಎಲ್ಲರೂ ಸೇರಿ ಲೆಕ್ಕ ಹಾಕೋಣ" ಎಂದೆವು.

ಯೂನಿಟ್ ಎಂದರೇನು?

ಕೊಬ್ಬರಿಗೆ ಕ್ವಿಂಟಾಲ್. ಹಾಲಿಗೆ ಲೀಟರ್. ಕರೆಂಟಿಗೆ ಯೂನಿಟ್. 1000 ವಾಟಿನ ಹೀಟರ್ ಒಂದು ಗಂಟೆ ಉರಿದರೆ 1 ಯೂನಿಟ್ ಖರ್ಚು. ಚಿಕ್ಕ ಕಾರಿನ ಬ್ಯಾಟರಿ ಸುಮಾರು 20ರಿಂದ 30 ಯೂನಿಟ್ ಹಿಡಿಯುತ್ತದೆ. 1 ಯೂನಿಟಿಗೆ ಕಾರು 6 ಕಿ.ಮೀ. ಓಡುತ್ತದೆ ಎಂದು ಇಟ್ಟುಕೊಳ್ಳೋಣ.

ಮನೆಯಲ್ಲಿ ಚಾರ್ಜ್ ಮಾಡಿದರೆ

ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. ರಾತ್ರಿ ಹಾಕಿದರೆ ಬೆಳಿಗ್ಗೆ ಸಿದ್ಧ. ವೈರು, ಅರ್ತಿಂಗ್ ಸರಿಯಾಗಿರಬೇಕು. ಇಲ್ಲದಿದ್ದರೆ ಅಪಾಯ.

ಲೆಕ್ಕಕ್ಕೆ ಯೂನಿಟಿಗೆ 6 ರೂ. ಎನ್ನೋಣ.
20 ಯೂನಿಟ್ × 6 ರೂ. = 120 ರೂ.
20 ಯೂನಿಟ್ × 6 ಕಿ.ಮೀ. = 120 ಕಿ.ಮೀ.

ಕಿಲೋಮೀಟರಿಗೆ 1 ರೂಪಾಯಿ. ಮಗನ ಮಾತು ನಿಜ.

"ನಮಗೆ ಗೃಹಜ್ಯೋತಿ ಇದೆಯಲ್ಲ, ಪುಕ್ಕಟೆ ಆಯ್ತು ಬಿಡಿ" ಎಂದರು ಪಕ್ಕದಲ್ಲಿದ್ದ ಅಜ್ಜಿ.

ಹಾಗಲ್ಲ ಅಜ್ಜಿ. ಈ ಯೋಜನೆ 2023ರಲ್ಲಿ ಬಂತು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಬಾಡಿಗೆ ಕಾರು ತಿಂಗಳಿಗೆ 1800 ಕಿ.ಮೀ. ಓಡಿದರೆ 300 ಯೂನಿಟ್ ಬೇಕು. ಆಗ ಮನೆ ದೀಪದ ಕರೆಂಟಿಗೂ ದುಡ್ಡು ಬೀಳುತ್ತದೆ.

"ತೋಟದ ಮೋಟರ್ ಕರೆಂಟು?"

ಅದೂ ಕೂಡದು. 10 ಎಚ್.ಪಿ. ವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕೊಡುವುದು ನೀರು ಹಾಯಿಸಲಿಕ್ಕೆ ಮಾತ್ರ.

ದಾರಿಯಲ್ಲಿ ಚಾರ್ಜ್ ಮಾಡಿದರೆ

ಚಾರ್ಜಿಂಗ್ ಕೇಂದ್ರದ ಯಂತ್ರ ಎರಡು ಬಗೆ. ಎ.ಸಿ. ಯಂತ್ರ ನಿಧಾನ. ಡಿ.ಸಿ. ಯಂತ್ರ ಬೇಗ. ಬೇಗದ್ದಕ್ಕೆ ದರ ಹೆಚ್ಚು. ಒಂದೊಂದು ಕಂಪನಿಯದು ಒಂದೊಂದು ದರ. ಅದರ ಮೇಲೆ ಶೇಕಡ 18 ಜಿ.ಎಸ್.ಟಿ. ಬೀಳುತ್ತದೆ.

ಲೆಕ್ಕಕ್ಕೆ ಯೂನಿಟಿಗೆ 20 ರೂ. ಎನ್ನೋಣ.
20 ಯೂನಿಟ್ × 20 ರೂ. = 400 ರೂ.
ಜಿ.ಎಸ್.ಟಿ. = 72 ರೂ.
ಒಟ್ಟು = 472 ರೂ.

ಅದೇ ಕಾರು, ಅದೇ 120 ಕಿ.ಮೀ. ಕಿಲೋಮೀಟರಿಗೆ ಸುಮಾರು 4 ರೂಪಾಯಿ ಆಯಿತು. ಪೆಟ್ರೋಲ್ ಲೀಟರಿಗೆ 100 ರೂ. ಎಂದು ಹಿಡಿಯಿರಿ. ಲೀಟರಿಗೆ 16 ಕಿ.ಮೀ. ಓಡುವ ಕಾರಿಗೆ ಕಿಲೋಮೀಟರಿಗೆ 6 ರೂಪಾಯಿ ಮೇಲಾಗುತ್ತದೆ. ಆದರೂ ಕರೆಂಟೇ ಅಗ್ಗ. ಕಾಯುವ ಹೊತ್ತು ಮಾತ್ರ ಬೇರೆ.

ಕೇಂದ್ರ ಎಲ್ಲಿದೆ?

ಕರೆಂಟು ವಾಹನಕ್ಕೆಂದು ಕರ್ನಾಟಕ ಸರಕಾರ 2017ರಲ್ಲೇ ನೀತಿ ತಂದಿತು. ಕೇಂದ್ರಗಳನ್ನು ಬೆಳೆಸುವ ಹೊಣೆ ಬೆಸ್ಕಾಂಗೆ ಬಂತು. ಆದರೆ ಹೆಚ್ಚಿನ ಕೇಂದ್ರಗಳು ಇರುವುದು ಬೆಂಗಳೂರಿನಲ್ಲಿ. ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೆ ಒಂದು ಕೇಂದ್ರ ಬೇಕು ಎಂದು ಕೇಂದ್ರ ಸರಕಾರ 2022ರಲ್ಲಿ ಹೇಳಿತು. ಹೇಳಿದ ಮಾತ್ರಕ್ಕೆ ಎಲ್ಲ ಕಡೆ ಬಂದುಬಿಡುವುದಿಲ್ಲ.

ತಿಪಟೂರಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಹೋಗಿಬರಲು ಮನೆಯ ಚಾರ್ಜು ಸಾಕು. ಬೆಂಗಳೂರು ಹಾಗಲ್ಲ. ಹೋಗಿಬಂದರೆ ಸುಮಾರು 280 ಕಿ.ಮೀ. 30 ಯೂನಿಟಿನ ಬ್ಯಾಟರಿ 180 ಕಿ.ಮೀ. ಎಳೆಯುತ್ತದೆ. ಉಳಿದದ್ದಕ್ಕೆ ದಾರಿಯ ಕೇಂದ್ರವೇ ಗತಿ.

ಒಂದು ದಿನ ನಾವೂ ಆ ಹುಡುಗನ ಜೊತೆ ಹೆದ್ದಾರಿಯ ಒಂದು ಕೇಂದ್ರಕ್ಕೆ ಹೋದೆವು. ಫೋನಿನಲ್ಲಿ 'ಇದೆ' ಎಂದು ತೋರಿಸಿತ್ತು. ಹೋಗಿ ನೋಡಿದರೆ ಯಂತ್ರ ಕೆಟ್ಟಿತ್ತು. ಅಲ್ಲಿ ಕೇಳಲು ಒಬ್ಬರೂ ಇರಲಿಲ್ಲ. ಬಾಡಿಗೆ ಗಿರಾಕಿ ಕಾರಿನಲ್ಲಿದ್ದಿದ್ದರೆ ಏನು ಹೇಳುವುದು?

ನೆನಪಿಡಿ

1. ಹೊರಡುವ ಮೊದಲು ಬೆಸ್ಕಾಂನ 'ಇ.ವಿ. ಮಿತ್ರ' ಆ್ಯಪಿನಲ್ಲಿ ಕೇಂದ್ರ ಹುಡುಕಿ. ಫೋನ್ ನಂಬರ್ ಸಿಕ್ಕರೆ ಮಾತಾಡಿ.
2. ಯಂತ್ರದ ಪ್ಲಗ್ಗು ನಿಮ್ಮ ಕಾರಿಗೆ ಕೂರುತ್ತದೆಯೇ ಕೇಳಿ.
3. ಯೂನಿಟಿಗೆ ದರ ಎಷ್ಟು, ತೆರಿಗೆ ಸೇರಿದೆಯೇ ಎಂದು ಓದಿ ನೋಡಿ.
4. ಮುಗಿದ ಮೇಲೆ ಯೂನಿಟ್ ಎಷ್ಟು ಎಂದು ಪರದೆ ನೋಡಿ. ಬಿಲ್ಲಿಗೆ ತಾಳೆ ಹಾಕಿ.
5. ಹತ್ತಿರದ ಇನ್ನೊಂದು ಕೇಂದ್ರ ಮುಟ್ಟುವಷ್ಟು ಚಾರ್ಜು ಉಳಿಸಿಕೊಳ್ಳಿ.

ಆ ತಾಯಿ ಎಲ್ಲ ಕೇಳಿದರು. ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡರು. ಮಗನಿಗೆ ಹೇಳಿದರು: "ಇವತ್ತು ರುಜು ಹಾಕಲ್ಲ ಕಣೋ. ಒಂದು ತಿಂಗಳು ಯಾವೂರಿಗೆ ಎಷ್ಟು ಬಾಡಿಗೆ ಹೋಗ್ತೀಯ, ಬರೆದಿಡು. ಊರಿನ ಸುತ್ತಲೇ ಜಾಸ್ತಿ ಇದ್ದರೆ ಹಾಕ್ತೀನಿ. ಲೆಕ್ಕದ ಪುಸ್ತಕ ನನಗೆ ತೋರಿಸು, ನಾನೇ ಓದ್ತೀನಿ."

ಅಭ್ಯಾಸ

1. ಓದಿ, ಬರೆಯಿರಿ: ಯೂನಿಟ್, ದರ, ತೆರಿಗೆ, ಬಿಲ್ಲು, ರುಜು.
2. ಮನೆಯಲ್ಲಿ 15 ಯೂನಿಟ್ ತುಂಬಿದರೆ ಎಷ್ಟು ರೂಪಾಯಿ? ಕೇಂದ್ರದಲ್ಲಾದರೆ ತೆರಿಗೆ ಸೇರಿ ಎಷ್ಟು?
3. ನಿಮ್ಮ ಮನೆಯ ಹೋದ ತಿಂಗಳ ಕರೆಂಟು ಬಿಲ್ಲು ತನ್ನಿ. ಎಷ್ಟು ಯೂನಿಟ್ ಉರಿದಿದೆ, ಓದಿ ಹೇಳಿ.
4. ಆ ತಾಯಿ ಮಾಡಿದ್ದು ಸರಿಯೇ? ನಾವೆಲ್ಲ ಕೂತು ಮಾತಾಡೋಣ.